ಕಂಟ್ರೋಲ್ ತಪ್ಪಿದ ಜಿನೇಂದ್ರ

"ಜೀವ ಇರೂತನಕಾ ನಾ ಆ ಮೌಸ್ ಮುಟ್ಟಾಂಗಿಲ್ಲ!" ಎಂದು ಜಿನೇಂದ್ರ ಮನೆಯಲ್ಲಿ ಘೋಷಿಸಿಬಿಟ್ಟ.

ಅವನ ಜಂಬಕ್ಕೆ ಕಾರಣವೂ ಇತ್ತು. ಹುಕ್ಕೇರಿಯ ಒಂದು ಸೊಸೈಟಿಯಲ್ಲಿ ಆತ ಹೆಡ್ ಕ್ಲಾರ್ಕ್. ಅಲ್ಲಿಯ ಮುದಿ ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ವರ್ಡ್‌ಸ್ಟಾರ್ ಎಂಬ ಹಳೆಯ ಟೈಪಿಂಗ್ ಪ್ರೋಗ್ರಾಮನ್ನು ಅವನಂತೆ ಓಡಿಸುವವರು ಗೋಕಾಕದಿಂದ ಬೆಲ್ಲದ ಬಾಗೇವಾಡಿಯವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಅದು ಮೌಸ್ ಇಲ್ಲದ ಲೋಕ. ಕಂಟ್ರೋಲ್ ಗುಂಡಿ ಹಿಡಿದು ಎಸ್ ಒತ್ತಿದರೆ ಒಂದಕ್ಷರ ಎಡಕ್ಕೆ, ಎಕ್ಸ್ ಒತ್ತಿದರೆ ಒಂದು ಸಾಲು ಕೆಳಕ್ಕೆ, ಎ ಒತ್ತಿದರೆ ಒಂದು ಪದ ಹಿಂದಕ್ಕೆ. ಕಣ್ಣು ಮುಚ್ಚಿಕೊಂಡೇ ಸವಾರಿ!

2003ರಲ್ಲಿ ಮನೆಗೆ ಹೊಸ ಕಂಪ್ಯೂಟರ್ ಬಂತು. ಅದರಲ್ಲಿ ಹೊಸ ಕಾಲದ ವರ್ಡ್. ಹೆಂಡತಿ ರೂಪಾಲಿ ದೀಪಾವಳಿ ರಜೆಯುದ್ದಕ್ಕೂ ಅದರ ಮುಂದೆ ಕೂತು, ಮಹಿಳಾ ಮಂಡಳಕ್ಕಾಗಿ ಅತ್ತೆ-ಸೊಸೆಯರ ನಾಟಕ ಬರೆದಳು. ಕಾಗದದ ಮೇಲೆ ಒಂದಕ್ಷರವೂ ಇಲ್ಲ, ಎಲ್ಲ ಕಂಪ್ಯೂಟರಿನ ಹೊಟ್ಟೆಯೊಳಗೇ. ಬರೆದು ಮುಗಿಸಿದ ದಿನ ಸಂಜೆಯೇ ತಾಲೀಮು ಶುರುವಾಗಬೇಕಿತ್ತು.

"ನಾ ಪ್ರಿಂಟಿಗೆ ಕಾಗದ ತರತೀನ್ರಿ. ಅತ್ತಿ ಸೊಸಿಗೆ 'ದರಿದ್ರದಾಕಿ' ಅಂತಾಳಲ್ಲ, ಅದು ಭಾಳ ಖಾರ ಆತು. ಅದನ್ನ ತಗದು 'ಪುಣ್ಯಾತ್ಗಿತ್ತಿ' ಅಂತ ಹಾಕ್ರಿ. ಮೌಸ್ ಹಿಡ್ಕೊಂಡು..."

"ನನಗ ಕಲಸ್ತಿ? ಹೋಗಿ ಬಾ, ನೀ ಚಪ್ಪಲಿ ಮೆಟ್ಟೂದ್ರಾಗ ಮುಗದಿರತೈತಿ!"

ರೂಪಾಲಿ ಹೊರಟಳು. ಜಿನೇಂದ್ರ ಬೆರಳು ಲಟಕ್ಕೆನಿಸಿದ. ಕರ್ಸರ್ 'ದರಿದ್ರದಾಕಿ'ಯ ಪಕ್ಕದಲ್ಲೇ ಮಿನುಗುತ್ತಿತ್ತು. ಒಂದು ಪದ ಹಿಂದಕ್ಕೆ ಹೋದರಾಯಿತು. ಕಂಟ್ರೋಲ್ ಎ!

ಅಕ್ಷರಗಳ ಹಿಂದೆಲ್ಲ ಕಪ್ಪು ಬಳಿದಂತಾಯಿತು.

"ಆಹಾ! ನಮ್ಮ ಹಳೇ ಕಪ್ಪು ಪರದೆ!" ತವರಿನವರು ಎದುರಾದಷ್ಟು ಸಂತೋಷವಾಯಿತು ಅವನಿಗೆ. ಕರ್ಸರ್ ಮಾತ್ರ ಕಾಣಲಿಲ್ಲ. ಅದನ್ನು ಹುಡುಕುತ್ತ ಅದೇ ಹುರುಪಿನಲ್ಲಿ ಒಂದು ಸಾಲು ಕೆಳಗಿಳಿಯಲು ಕಂಟ್ರೋಲ್ ಎಕ್ಸ್ ಒತ್ತಿದ.

ಅತ್ತೆ ಇಲ್ಲ! ಸೊಸೆ ಇಲ್ಲ! ಇಡೀ ನಾಟಕವೇ ಇಲ್ಲ! ತೊಳೆದ ತಾಟಿನಂತೆ ಬೆಳ್ಳಗೆ ಹೊಳೆಯುತ್ತಿತ್ತು ಪರದೆ.

ಎಡಕ್ಕೆ ಸರಿದರೆ ಸಿಕ್ಕೀತೆಂದು ಕಂಟ್ರೋಲ್ ಎಸ್ ಒತ್ತಿದ. ಯಂತ್ರ ಗುರ್ರೆಂದಿತು. ಪರದೆಯ ತಳದಲ್ಲಿ 'ಸೇವ್ ಆಗುತ್ತಿದೆ' ಎಂಬರ್ಥದ ಇಂಗ್ಲಿಷ್ ಅಕ್ಷರಗಳು ಮಿಂಚಿ ಮಾಯವಾದವು. ಜಿನೇಂದ್ರ ಕುರ್ಚಿಯಿಂದ ಎದ್ದೇಬಿಟ್ಟ. ಬೋಳು ಹಾಳೆಯನ್ನು ತಾನೇ ಕೈಯಾರೆ ಭದ್ರಪಡಿಸಿಬಿಟ್ಟಿದ್ದ!

ಅಷ್ಟರಲ್ಲಿ ಅತ್ತೆಯ ಪಾತ್ರಧಾರಿ ಕೆಂಪವ್ವ ಬಾಗಿಲಿಗೆ ಬಂದಳು. "ಅಣ್ಣಾರ, ನಾಟಕ ತಯಾರಾತೇನ್ರಿ? ನನ್ನ ಮಾತು ಸೊಸಿ ಪಾರ್ಟಿನ ಭಾಗ್ಯಾನಕಿಂತ ಕಮ್ಮಿ ಅದಾವಂತ, ಖರೇನ?"

"ಇಲ್ರಿ ಅಕ್ಕಾರ," ಎಂದ ಜಿನೇಂದ್ರ ಪರದೆಗೆ ಬೆನ್ನು ಅಡ್ಡ ಹಿಡಿದು. "ಈಗ ಎಲ್ಲಾರಿಗೂ ಒಂದ ಸಮ ಅದಾವ!"

"ಹಂಗಾರ ಒಂಚೂರು ತೋರಸ್ರಿ."

"ಮೊದಲ ನೀರು ಕುಡೀರಿ. ಒಳಗ ಅದಾವ. ನೀವ ತಗೋರಿ!"

ಕೆಂಪವ್ವ ಅಡಿಗೆಮನೆಗೆ ಹೋದದ್ದೇ ತಡ, ಅವನು ಮತ್ತೆ ಕೀಲಿಮಣೆಯ ಮೇಲೆ ಬಿದ್ದ. ನಾಟಕ ಎಲ್ಲೋ ಕೆಳಗೆ ಜಾರಿರಬಹುದು! ವರ್ಡ್‌ಸ್ಟಾರಿನಲ್ಲಿ ಕೆಳಗಿನದನ್ನು ಮೇಲೆತ್ತಿ ನೋಡಲು ಕಂಟ್ರೋಲ್ ಝಡ್. ಮನದಲ್ಲೇ ಇಪ್ಪತ್ನಾಲ್ಕೂ ತೀರ್ಥಂಕರರಿಗೆ ಕೈಮುಗಿದು ಒತ್ತಿದ.

ಅತ್ತೆ ಬಂದಳು! ಸೊಸೆ ಬಂದಳು! ಇಬ್ಬರ ಜಗಳವೂ ಚಾಚೂ ತಪ್ಪದೆ ಬಂದು ಕೂತಿತು! 'ದರಿದ್ರದಾಕಿ' ಎಂಬ ಬೈಗುಳವನ್ನು ಅಷ್ಟು ಪ್ರೀತಿಯಿಂದ ಯಾರೂ ಎಂದೂ ಓದಿರಲಿಕ್ಕಿಲ್ಲ.

ಜಿನೇಂದ್ರನಿಗೆ ಹೋದ ಜೀವ ಬಂದಂತಾಯಿತು. ಇನ್ನು ಯಾವ ಗುಂಡಿ ಮುಟ್ಟಿದರೂ ಅನಾಹುತವೇ ಎಂದು ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತ. ಕಾಗದದ ಕಟ್ಟು ಹಿಡಿದು ಬಂದ ರೂಪಾಲಿ ಬೆಚ್ಚಿದಳು.

"ಯಾಕ್ರಿ, ಥಂಡಿ ಹತ್ತೈತೇನ?"

"ಮೊದಲ ಸೇವ್ ಮಾಡು ತಾಯಿ! ಆಮ್ಯಾಲೆ ಹೇಳತೀನಿ!"

ಅವಳು ಮೌಸಿನಿಂದ ಪರದೆಯ ಮೇಲಿನ ಪುಟ್ಟ ಸೇವ್ ಚಿತ್ರವನ್ನು ಟಕ್ ಎನಿಸಿದಳು. ಜಿನೇಂದ್ರ ದೀರ್ಘವಾಗಿ ಉಸಿರು ಬಿಟ್ಟು ಇದ್ದದ್ದನ್ನೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಧೈರ್ಯ ಮರಳಿ, ಕೊನೆಗೆ ಮೀಸೆಯ ಮೇಲೂ ಕೈ ಹೋಯಿತು. "ಬ್ಯಾರೇದವ್ರಾಗಿದ್ರ ನಾಟಕ ಹೋಗೇ ಬಿಡತಿತ್ತು. ನಾ ಝಡ್ ಒತ್ತಿ ಹೊಳ್ಳಿ ತಂದೆ!"

ರೂಪಾಲಿಗೆ ನಗು ತಡೆಯಲಾಗಲಿಲ್ಲ. ನೀರಿನ ಲೋಟ ಹಿಡಿದು ಬಂದ ಕೆಂಪವ್ವ, "ಏನಾತ್ವಾ?" ಎಂದಳು.

"ಕೇಳ್ರಿ ಅಕ್ಕಾರ! ಇದ್ರಾಗ ಎ ಅಂದ್ರ ಎಲ್ಲಾ ಹಿಡಿ, ಎಕ್ಸ್ ಅಂದ್ರ ಕತ್ತರಿಸಿ ತಗಿ. ಝಡ್ ಅಂದ್ರ, 'ನಂದ ತಪ್ಪಾತು, ಮಾಡಿದ್ದು ಹಿಂದಕ್ಕ ತಗೊಂಡೆ' ಅಂತ ಅರ್ಥ. ಲಗ್ನ ಆದಾಗಿಂದ ಇವರ ಬಾಯಿಂದ ಆ ಮಾತು ಕೇಳಬೇಕಂತ ಕಾದು ಕುಂತೀನಿ. ಕಡೀಕ ಒಪ್ಪಿಕೊಂಡಾರ ನೋಡ್ರಿ... ಅದೂ ಒಂದು ಮಶೀನ್ ಮುಂದ!"