ಯೋಗದ ಸೆಟ್ಟರ ಎಡಮಂಡಿ

ಮಂಡಿ ನೋವು ಒಂಟಿಯಾಗಿ ಬರುವ ಪೈಕಿ ಅಲ್ಲ. ಅದು ಹೊಕ್ಕ ಮನೆಗೆ ಒಂದಲ್ಲ ಒಂದು ನಗೆಪಾಟಲು ಹಿಂದೆಯೇ ಬರುತ್ತದೆ. ಒಂದು ಮುಗಿಯಿತೆಂದು ಕಾಲು ಚಾಚುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ಹುಣಸೂರಿನ ಪೇಟೆಬೀದಿಯಲ್ಲಿ ನನ್ನದು ಜವಳಿ ಅಂಗಡಿ. ನಲವತ್ತು ದಾಟಿದ ಮೇಲೆ ಯೋಗ ಕಲಿತು ಹನ್ನೆರಡು ವರ್ಷ ಬಿಡದೆ ಮಾಡಿದೆ. ಊರವರು ಯೋಗದ ಸೆಟ್ಟರು ಎಂದು ಕರೆದರು. ಸೊಂಟ ಹಿಡಿದವರು, ಕತ್ತು ಉಳುಕಿದವರು ಯಾರೇ ಬರಲಿ, "ಆಸನ ಹಾಕಿ, ಯಾವ ನೋವೂ ಹತ್ತಿರ ಸುಳಿಯೋಲ್ಲ" ಎಂದು ಹೇಳಿ ಪಂಚೆ ಮಾರಿದವನು ನಾನು. ಹಾಗಿರುವಾಗ ನನ್ನ ಎಡಮಂಡಿಯೇ ಹಿಡಿದುಕೊಂಡಿತು. ಅದೂ ಮಗಳ ಮದುವೆಗೆ ಒಂದೂವರೆ ತಿಂಗಳಿದೆ ಎನ್ನುವಾಗ.

ಎಡತೊರೆಯ ಬೀಗರು ಹೆಣ್ಣು ಒಪ್ಪುವಾಗಲೇ "ಯೋಗದ ಮನೆತನ, ಗಟ್ಟಿಮುಟ್ಟು ಜನ" ಎಂದಿದ್ದರು. ನಾನು ಕುಂಟುವುದು ಕಂಡರೆ, ಇದು ವಂಶದಲ್ಲೇ ಬಂದ ರೋಗ ಎಂದು ಹಿಂದೆಗೆದುಬಿಟ್ಟರೆ? ಧಾರೆ ಎರೆಯುವವರೆಗೆ ಮಂಡಿಯ ಸುದ್ದಿ ಮನೆಯ ಹೊಸಿಲು ದಾಟಬಾರದು ಎಂದು ನಾನೂ ನನ್ನ ಹೆಂಡತಿಯೂ ಮಾತಾಡಿಕೊಂಡೆವು.

೧. ಏಳದ ವ್ಯಾಪಾರ

ಜವಳಿ ವ್ಯಾಪಾರವೆಂದರೆ ಗಾದಿಯ ಮೇಲೆ ಕೂತಿರಬೇಕು, ಗಿರಾಕಿ ಬಂದಾಗ ಎದ್ದು ಮೇಲಿನ ಹಲಗೆಯಿಂದ ಸೀರೆ ಎಳೆದು ಹರವಬೇಕು, ಮತ್ತೆ ಕೂರಬೇಕು. ನನಗೆ ಕೂರಲು ಬರುತ್ತಿತ್ತು, ಏಳಲು ಬರುತ್ತಿರಲಿಲ್ಲ. ಪದ್ಮಾಸನದಲ್ಲಿ ಕೂತೇ, "ಬೇಕಾದ್ದು ನೀವೇ ತೆಗೆದು ನೋಡಿಕೊಳ್ಳಿ ತಾಯಿ" ಎನ್ನಲು ಶುರುಮಾಡಿದೆ.

ಹಂಪಾಪುರದ ಕಡೆಯ ಅಜ್ಜಿಯೊಬ್ಬಳು ನಮ್ಮ ಹಳೆಯ ಗಿರಾಕಿ. ಅವಳಿಗೆ ಇದು ನಂಬಲಾಗಲಿಲ್ಲ.

"ನಾನೇ ಮುಟ್ಬೋದಾ ಸೆಟ್ರೆ?"

"ಮುಟ್ಟಿ."

"ಬಿಚ್ಬೋದಾ?"

"ಬಿಚ್ಚಿ."

ಒಂದು ಸೀರೆಗೆಂದು ಬಂದವಳು ಹದಿನೈದು ಬಿಚ್ಚಿ ಮೂರು ಒಯ್ದಳು. ತಾವೇ ಬಿಚ್ಚಿದ್ದನ್ನು ಮಡಿಸಿಡಲು ಜನಕ್ಕೆ ಮನಸ್ಸು ಬರುವುದಿಲ್ಲ ಎಂಬುದು ಮೂವತ್ತು ವರ್ಷ ಗಾದಿ ಸವೆಸಿದರೂ ನನಗೆ ಗೊತ್ತಿರಲಿಲ್ಲ. ಮಂಡಿ ಕಲಿಸಿತು.

ಎದುರು ಅಂಗಡಿಯವರು ವಾರವಿಡೀ ನೋಡಿದರು. ಸೆಟ್ಟರು ಏಳುವುದೇ ಇಲ್ಲ, ವ್ಯಾಪಾರ ಮಾತ್ರ ಏರುತ್ತಿದೆ. ಗುಟ್ಟು ಕೂರುವುದರಲ್ಲೇ ಇದೆ ಎಂದು ತಾವೂ ಅಲ್ಲಾಡದೆ ಕೂತರು. ಅಭ್ಯಾಸವಿಲ್ಲದವರು, ಊಟವಾದ ಮೇಲೆ ಕೂತಲ್ಲೇ ನಿದ್ದೆ ಹೋದರು. ಆ ಮಧ್ಯಾಹ್ನ ಅದೇ ಅಜ್ಜಿ ಅವರ ಅಂಗಡಿಯ ಸೀರೆ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು. "ಇದ್ರ ಬೆಲೆ ನೀವೇ ಯೋಳ್ಬುಡಿ ಸೆಟ್ರೆ. ಅವ್ರು ಎಷ್ಟು ಕೂಗುದ್ರೂ ಎಚ್ರಾಗ್ತಾ ಇಲ್ಲ."

೨. ಗುರುಗಳ ಮಂಡಿ

ನನಗೆ ಯೋಗ ಕಲಿಸಿದ ಗುರುಗಳು ಪಿರಿಯಾಪಟ್ಟಣದಲ್ಲಿದ್ದರು. ಕಲಿಸಿದವರೇ ಬಿಡಿಸಲಿ ಎಂದು ಒಂದು ಬೆಳಿಗ್ಗೆ ಬಸ್ಸು ಹತ್ತಿದೆ. ಹತ್ತಿದೆ ಎಂದರೆ ಹಿಂದಿನವರು ತಳ್ಳಿದರು.

ಜಗಲಿಯ ಮೇಲೆ ಕಾಯುತ್ತಿದ್ದೆ. ಒಳಗಿನಿಂದ ಗುರುಗಳು ಬಂದರು. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈ ಬಲಮಂಡಿಯ ಮೇಲೆ. ನನ್ನನ್ನು ಕಂಡು ಗೋಡೆಯ ಕೈ ತೆಗೆದರು. ತೆಗೆದವರು ಮತ್ತೆ ಇಟ್ಟರು.

"ನಿಮಗೂ?" ಅಂದೆ.

"ಆರು ವರ್ಷವಾಯ್ತು," ಅಂದರು. "ನಿಮ್ಮೂರಲ್ಲಿ ಯಾರಿಗೂ ಹೇಳಬೇಡಿ."

"ನನ್ನದನ್ನು ನೀವೂ ಹೇಳಬೇಡಿ."

ಒಪ್ಪಂದವಾಯಿತು. ನನ್ನ ಮಂಡಿ ಒತ್ತಿ, ಮಡಿಸಿ ನೋಡಿ ಕೇಳಿದರು: "ದಿವಸಕ್ಕೆ ಎಷ್ಟು ಹೊತ್ತು ಪದ್ಮಾಸನ ಹಾಕ್ತೀರಿ?"

"ಅಂಗಡಿ ತೆಗೆದಾಗಿನಿಂದ ಮುಚ್ಚೋವರೆಗೆ."

ಗುರುಗಳು ನನ್ನ ಕಾಲನ್ನು ಮೆಲ್ಲಗೆ ಕೆಳಗಿಟ್ಟರು. "ನಾನು ಹೇಳಿಕೊಟ್ಟದ್ದು ಅರ್ಧ ಗಳಿಗೆಗೆ ಸೆಟ್ಟರೆ. ನೀವು ಕೊಂಡದ್ದು ಒಂದು ಗಜ, ಹರಿದುಕೊಂಡು ಹೋದದ್ದು ಇಡೀ ಬಟ್ಟೆ ಥಾನು."

ನನ್ನ ಕಸುಬಿನ ಮಾತಿನಲ್ಲೇ ನನ್ನನ್ನು ಹಿಡಿದರು. ಆಮೇಲೆ ಉಪಾಯ ಹೇಳಿದರು. ಪದ್ಮಾಸನ ಸದ್ಯಕ್ಕೆ ಬೇಡ. ಕಂಬಳಿ ಮಡಿಸಿ ಅದರ ಮೇಲೆ ಎತ್ತರಕ್ಕೆ ಕೂರುವುದು. ಸೊಂಟದ ಸಂದು ಸಡಿಲಾಗದಿದ್ದರೆ ಮಂಡಿಯನ್ನು ಹಿಂಡಬಾರದು. ನೋವು ಬೇಡ ಅಂದರೆ ಬೇಡ, ಅದರ ಜೊತೆ ಚೌಕಾಸಿ ಸಲ್ಲದು. ಅಷ್ಟು ಮಾಡಿದರೆ ಧಾರೆಗೆ ಎರಡು ಗಂಟೆ ಸಲೀಸಾಗಿ ಕೂರಬಹುದು.

ಹೊರಡುವಾಗ ಕೇಳಿದೆ, "ತಮ್ಮದೂ ಪದ್ಮಾಸನದಿಂದಲೇ ಬಂದದ್ದೇ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹಲಸಿನ ಮರದಿಂದ ಬಿದ್ದದ್ದು. ಶಿಷ್ಯರಿಗೆ ತಪಸ್ಸು ಅಂತ ಹೇಳಿದೀನಿ."

೩. ಆನೆಯ ಎಣ್ಣೆ

ಗುರುಗಳ ಮಾತಿನಂತೆ ನಡೆದಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಮದುವೆ ಹತ್ತಿರ ಬರುತ್ತಿತ್ತು, ನನಗೆ ಅವಸರ. ಕಾಕನಕೋಟೆಯಿಂದ ಬಿದಿರು ಹೇರಿಕೊಂಡು ಬರುವ ಗಾಡಿಯವನೊಬ್ಬ ಮಂಡಿಗೆ ಒಳ್ಳೆಯ ಎಣ್ಣೆ ಸಿಗುತ್ತದೆ ಅಂದ. ನಮ್ಮತ್ತೆಗೆ ಬೇಕು ಎಂದು ಸುಳ್ಳು ಹೇಳಿ ತರಿಸಿದೆ. ಬಿದಿರಂಡೆ ತುಂಬ ಕಪ್ಪು ಎಣ್ಣೆ ಬಂತು.

"ಯಾರು ಕಾಸೋದಪ್ಪ ಇದನ್ನ?"

"ಮಾವುತ್ರು ಕಣ್ ಸೋಮಿ. ಆನೆ ಮಂಡಿಗೇ ತಿಕ್ತಾರೆ. ಆನೆ ಎದ್ದು ನಿಂತ್ಕತದೆ ಅಂದ್ರೆ ನಿಮ್ಮತ್ತೆ ಯಾವ ಲೆಕ್ಕ ಬುಡಿ."

ಆ ಅಂಡೆ ವರ್ಷಗಟ್ಟಲೆ ಆನೆಯ ಪಕ್ಕದಲ್ಲೇ ತೂಗಾಡಿದ್ದಿರಬೇಕು. ಹಚ್ಚಿಕೊಂಡ ಮೊದಲ ದಿನ ನನ್ನ ಹೆಂಡತಿ ನನ್ನ ಊಟದೆಲೆಯನ್ನು ಹಿತ್ತಲ ಬಾಗಿಲ ಆಚೆ ಹಾಕಿದಳು. ಮೂರನೆಯ ದಿನ ಸಂತೆ. ಹಂಪಾಪುರದ ಅಜ್ಜಿ ಮಗನ ಗಾಡಿಯಲ್ಲಿ ಬಂದು ಅಂಗಡಿಯ ಮುಂದೆಯೇ ಎತ್ತು ಕಟ್ಟಿಸಿದಳು. ಕಾಡಂಚಿನ ಎತ್ತುಗಳು, ಆನೆಯ ವಾಸನೆ ಬಲ್ಲವು. ಗಾಳಿ ಒಳಗಿನಿಂದ ಹೊರಗೆ ಬೀಸಿದ್ದೇ ತಡ, ಎರಡೂ ಮೂತಿ ಎತ್ತಿ, ನನ್ನ ಕಡೆಯೊಮ್ಮೆ ನೋಡಿ, ಹಗ್ಗ ಕಿತ್ತುಕೊಂಡು ಪೇಟೆಬೀದಿಯುದ್ದಕ್ಕೂ ಓಡಿದವು. ಹೋಗುವಾಗ ಅಂಗಡಿಯ ಮುಂದೆ ತೂಗುಹಾಕಿದ್ದ ನನ್ನ ಹೊಸ ಕಂಬಳಿಯೊಂದನ್ನು ಕೊಂಬಿಗೆ ಸಿಕ್ಕಿಸಿಕೊಂಡು ಹೋದವು.

ಅತ್ತೆಯ ಸುಳ್ಳು ಆಮೇಲೆ ಬಯಲಾಯಿತು; ಎಣ್ಣೆ ಹಚ್ಚಿದ ಮೂರೇ ದಿನಕ್ಕೆ ನಾನು ಓಡಿದೆ ಎಂದು ಗಾಡಿಯವನು ಇಂದಿಗೂ ಊರೆಲ್ಲ ಹೇಳಿಕೊಂಡು ಬರುತ್ತಾನೆ. ಓಡಿದ್ದು ನಿಜ. ಕಂಬಳಿಯ ಹಿಂದೆ.

೪. ಕಾಶಿಗೆ ಹೊರಟದ್ದು

ಎಣ್ಣೆ ಬಿಟ್ಟು ಗುರುಗಳ ದಾರಿಗೇ ಬಂದೆ. ಮದುವೆಯ ಹೊತ್ತಿಗೆ ಮಡಿಸಿದ ಕಂಬಳಿಯ ಮೇಲೆ ಎರಡು ಗಂಟೆ ಕೂರುವಷ್ಟಾದೆ. ಕೂರುವ ಚಿಂತೆ ತೀರಿತು. ನಡೆಯುವುದನ್ನು ನಾವು ಯಾರೂ ಯೋಚಿಸಿಯೇ ಇರಲಿಲ್ಲ.

ಧಾರೆಗೆ ಮೊದಲು ಕಾಶಿಯಾತ್ರೆ ಇರುತ್ತದಲ್ಲ. ಮದುಮಗ ಸಂಸಾರ ಬೇಡವೆಂದು ಕೊಡೆ, ಕೋಲು ಹಿಡಿದು, ಹೊಸ ಮೆಟ್ಟು ಹಾಕಿಕೊಂಡು ಕಾಶಿಗೆ ಹೊರಡುವುದು, ಹೆಣ್ಣಿನ ತಂದೆ ಹಿಂದೆ ಹೋಗಿ ಕೈ ಹಿಡಿದು, "ಕಾಶಿ ಬೇಡ, ಮಗಳನ್ನು ಕೊಡುತ್ತೇನೆ" ಎಂದು ಕರೆತರುವುದು. ಎಲ್ಲರ ಮದುವೆಯಲ್ಲೂ ಹತ್ತು ಹೆಜ್ಜೆಯ ಆಟ. ನಮ್ಮ ಅಳಿಯ ಸ್ಕೂಲು ಮೇಷ್ಟ್ರು, ಹೇಳಿದ್ದನ್ನು ಹೇಳಿದಂತೆ ಮಾಡುವವರು. ಮಾವ ಕೈ ಹಿಡಿಯುವವರೆಗೆ ತಿರುಗಿ ನೋಡಬಾರದು ಎಂದು ಅವರ ಸೋದರತ್ತೆ ಹೇಳಿ ಕಳಿಸಿದ್ದರು.

ಅವರು ಛತ್ರ ಬಿಟ್ಟರು, ವಾಲಗದವರು ಜೊತೆಗೆ. ನಾನು ಹಿಂದೆ. ನಾನು ಒಂದು ಹೆಜ್ಜೆ ಇಡುವಷ್ಟರಲ್ಲಿ ಅವರು ಮೂರು ಇಟ್ಟಿದ್ದರು. ಅಶ್ವತ್ಥಕಟ್ಟೆ ದಾಟಿತು. ಪೇಟೆಬೀದಿ ಮುಗಿಯಿತು. ಮೇಷ್ಟ್ರು ಮೈಸೂರು ರಸ್ತೆಗೇ ಬಿದ್ದರು. ವಾಲಗದವರು ನಿಲ್ಲಿಸಿದರೆ ಅಪಶಕುನವೆಂದು ಊದುತ್ತಲೇ ಹೋದರು. ಪುರೋಹಿತರು ಛತ್ರದಿಂದ ಹಿಂದೆಯೇ ಓಡಿಬಂದು ಕೂಗಿದರು, "ಮುಹೂರ್ತಕ್ಕೆ ಕಾಲು ಗಂಟೆ ಇದೆ ಸೆಟ್ಟರೆ."

ಬೀಗರು ನನ್ನ ಪಕ್ಕಕ್ಕೆ ಬಂದರು. ಮುಖ ಬಿಳಿಚಿತ್ತು. "ಬೀಗರೆ, ಬೇಗ ನಡೀರಿ. ನಮ್ಮ ಹುಡುಗ ಹೋಗೇಬಿಡ್ತಾನೆ."

ನನ್ನ ಹೆಂಡತಿ ಹಿಂದಿನಿಂದ ಅಂದಳು, "ಈಗಲಾದರೂ ಬಾಯಿ ಬಿಡ್ತೀರಾ, ಇಲ್ಲ ಕಾಶೀವರೆಗೂ ಹಿಂಗೇ ಹೋಗೋಣವಾ?"

ಎರಡು ಮನೆಯ ಜನ, ವಾಲಗ, ಹನ್ನೆರಡು ವರ್ಷದ ಹೆಸರು, ಎಲ್ಲದರ ಮುಂದೆ ಮೋರಿಕಟ್ಟೆಯ ಮೇಲೆ ಕುಕ್ಕರಿಸಿ ಕೂಗಿದೆ: "ಮೇಷ್ಟ್ರೆ, ನಿಲ್ಲಿ. ನನಗೆ ಮಂಡಿ ನೋವು. ನಡೆಯೋಕಾಗ್ತಿಲ್ಲ."

ಬೀಗರು ನನ್ನ ಪಕ್ಕದಲ್ಲೇ ಕೂತು ಉಸಿರು ಬಿಟ್ಟರು. "ಅಷ್ಟೇನಾ? ನಿಮಗೆ ಹೆಣ್ಣು ಕೊಡೋ ಮನಸ್ಸಿಲ್ಲ, ಅದಕ್ಕೇ ಕಾಲೆಳೀತಿದೀರಿ ಅಂದ್ಕೊಂಡು ಎದೆ ಒಡ್ಕೊಂಡಿದ್ದೆ ನಾನು."

ಮೇಷ್ಟ್ರು ಸೋದರತ್ತೆಯ ಮಾತು ಮೀರಿ ತಿರುಗಿದರು. ಬಂದವರೇ ಕಾಶಿಯ ಕೋಲನ್ನು ನನ್ನ ಕೈಗೆ ಕೊಟ್ಟು, ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು, ತೋಳು ಹಿಡಿದು ಎಬ್ಬಿಸಿದರು. ವಾಲಗ ಮುಂದೆ, ನಾವು ಹಿಂದೆ, ಮುಹೂರ್ತ ಮೀರುವ ಮೊದಲು ಛತ್ರ ಮುಟ್ಟಿದೆವು.

ಬಾಗಿಲಲ್ಲಿ ಹಂಪಾಪುರದ ಅಜ್ಜಿ ಆಗತಾನೆ ಗಾಡಿ ಇಳಿದು ನಿಂತಿದ್ದಳು. ಕೋಲು ಹಿಡಿದವನು ನಾನು, ಕೊಡೆಯ ಕೆಳಗಿರುವವನು ನಾನು, ಕೈ ಹಿಡಿದು ಮದುವೆಮನೆಗೆ ಕರೆತರುತ್ತಿರುವುದು ನನ್ನನ್ನು. ಒಮ್ಮೆ ನನ್ನನ್ನು, ಒಮ್ಮೆ ನನ್ನ ಹೆಂಡತಿಯನ್ನು ನೋಡಿ, ನಿಧಾನವಾಗಿ ತಲೆಯಾಡಿಸಿದಳು.

"ಕಟ್ಕೊಂಡ ತಾಯಿ ಇನ್ನೂ ಕಲ್ಲುಗುಂಡಂಗವ್ಳೆ, ಈ ವಯ್ಸಲ್ಲಿ ನಿಮ್ಗೆ ಇನ್ನೊಂದು ಮದ್ವೆ ಯಾಕೆ ಬೇಕಾಗಿತ್ತು ಸೆಟ್ರೆ? ಎಂಗೂ ಹೊಂಟಿದ್ರಲ್ಲ, ಕಾಸಿಗೇ ಓಗ್ಬುಡ್ಬೋದಾಗಿತ್ತು."