ಕೊಕ್ಕರೆ ತಂಡದ ಉಂಗುರ

ಆ ಶನಿವಾರ ಬೆಳಿಗ್ಗೆ ತ್ಯಾಗರಾಜ ಕೈ ತೊಳೆಯಲು ಹೋಗದಿದ್ದರೆ ಏನೂ ಆಗುತ್ತಿರಲಿಲ್ಲ. ಹೆಂಡತಿ ಉಷಾ ಕಟ್ಟಿಕೊಟ್ಟಿದ್ದ ಚಿತ್ರಾನ್ನವನ್ನು ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೇ ಕೂತು ತಿಂದು ಮುಗಿಸಿ, ಅರಿಸಿನ ಹತ್ತಿದ ಬೆರಳುಗಳನ್ನು ಯಾರಿಗೂ ತಾಗದಂತೆ ಮೇಲೆತ್ತಿಕೊಂಡು ಸ್ಟೇಡಿಯಂ ಆಫೀಸಿನ ರೆಸ್ಟ್‌ರೂಮಿಗೆ ಹೋದ. ಅಲ್ಲಿ ಸಿಂಕಿನ ಪಕ್ಕ, ಸೋಪಿನ ಬಾಟಲಿಗೆ ಒರಗಿಕೊಂಡು ಒಂದು ಉಂಗುರ ಕೂತಿತ್ತು.

ಉಂಗುರವೆಂದರೆ ಅಂತಿಂಥದ್ದಲ್ಲ. ಕೋಡುಬಳೆಯಷ್ಟು ದಪ್ಪ. ಸುತ್ತ ನೀಲಿ ಹರಳು, ನಡುವೆ ಒಂಟಿ ಕಾಲಿನಲ್ಲಿ ನಿಂತ ಕೊಕ್ಕರೆ, ಅದರ ಕೆಳಗೆ ‘ಚಾಂಪಿಯನ್ಸ್’ ಎಂಬ ಅಕ್ಷರ. ಲೀಗ್ ಗೆದ್ದ ಬೇಸ್‌ಬಾಲ್ ತಂಡದವರಿಗೆ ಮುಂದಿನ ಸೀಸನ್ನಿನ ಮೊದಲ ದಿನ ಇಂಥ ಉಂಗುರ ತೊಡಿಸುವುದು ಈ ದೇಶದ ಪದ್ಧತಿ. ಒಳಬದಿಯಲ್ಲಿ ಕೆತ್ತಿದ ಹೆಸರು ಓದಿದ ತ್ಯಾಗರಾಜನಿಗೆ ಮೈ ಜುಮ್ಮೆಂದಿತು. ಹಾಲೊವೇ. ತಂಡದ ಮುಖ್ಯ ಕೋಚ್.

ಜಾರ್ಜಿಯಾದ ಅಲ್ಫರೆಟಾದಿಂದ ಉತ್ತರಕ್ಕೆ ಅರ್ಧ ಗಂಟೆ ಡ್ರೈವ್ ಮಾಡಿದರೆ ಸಿಗುವ ಈ ಪುಟ್ಟ ಸ್ಟೇಡಿಯಮ್ಮಿನ ತಂಡಕ್ಕೆ ಹೆರಾನ್ಸ್ ಎಂದು ಹೆಸರು. ಸುತ್ತಲಿನ ಕನ್ನಡದವರ ಬಾಯಲ್ಲಿ ಅದು ‘ಕೊಕ್ಕರೆ ಟೀಮು’. ಕಳೆದ ವರ್ಷ, ಎರಡು ಸಾವಿರದ ಇಪ್ಪತ್ತೆರಡರಲ್ಲಿ, ಕೊಕ್ಕರೆಗಳು ಲೀಗ್ ಗೆದ್ದು ಊರಿನ ಮುಖ್ಯರಸ್ತೆಯಲ್ಲಿ ಫೈರ್ ಟ್ರಕ್ಕಿನ ಮೇಲೆ ಮೆರವಣಿಗೆ ಹೋಗಿದ್ದವು. ಈ ವರ್ಷ ಅದೇ ಆಟಗಾರರು, ಅದೇ ಕೋಚ್, ಅದೇ ಮೈದಾನ. ಆದರೆ ಜೂನ್ ಕೊನೆಗೆ ಸೀಸನ್ ಶುರುವಾದಂದಿನಿಂದ ಸತತ ಹನ್ನೊಂದು ಸೋಲು.

ಬದಲಾದದ್ದು ಒಂದೇ ಒಂದು, ತ್ಯಾಗರಾಜ. ಜನವರಿಯಲ್ಲಿ ಹಳೆಯ ಕಂಪನಿ ಅವನನ್ನು ಲೇಆಫ್ ಮಾಡಿತ್ತು. ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕೆಂಬ ವೀಸಾ ನಿಯಮದ ಅರವತ್ತು ದಿನಗಳಲ್ಲಿ ಐವತ್ತಮೂರು ಕಳೆದಿದ್ದಾಗ ಈ ತಂಡ ಅವನನ್ನು ಟಿಕೆಟ್ ವೆಬ್‌ಸೈಟ್ ನೋಡಿಕೊಳ್ಳಲು ಕರೆದುಕೊಂಡಿತು. ಮೈಸೂರಿನ ಮನುಷ್ಯ; ಕ್ರಿಕೆಟ್ ಬಿಟ್ಟರೆ ಬೇರೆ ಚೆಂಡಿನ ಗಂಧವಿಲ್ಲ. ಸ್ಟೇಡಿಯಮ್ಮಿನಲ್ಲಿ ತಿಂಡಿ ಸ್ಟಾಲ್ ಇಟ್ಟಿದ್ದ ಮಂಗಳೂರಿನ ಕಡೆಯ ಚಂದ್ರಾವತಿ ಆಂಟಿ ಒಮ್ಮೆ, “ನಿಮ್ಮ ಕಾಲ್ಗುಣವೋ ಏನೋ ಮಾರಾಯ್ರೆ” ಎಂದು ನಕ್ಕಿದ್ದರು. ಅವರು ನಕ್ಕು ಮರೆತರು. ತ್ಯಾಗರಾಜ ಎರಡು ರಾತ್ರಿ ನಿದ್ದೆ ಮಾಡಲಿಲ್ಲ.

ಈಗ ಆ ಉಂಗುರವನ್ನು ನೇರವಾಗಿ ಕೋಚ್ ಕೈಗೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಒಂದು ಫೋಟೋ ತೆಗೆದು ಉಷಾಗೆ ಕಳಿಸೋಣ ಅನ್ನಿಸಿತು. ಬೆರಳಿಗೆ ಹಾಕಿದ. ಅರ್ಧಕ್ಕೆ ನಿಂತಿತು. ಅರ್ಧ ಉಂಗುರದ ಫೋಟೋ ಚೆನ್ನಾಗಿ ಬರಲಿಲ್ಲವೆಂದು ಒಂಚೂರು ಒತ್ತಿದ. ಗೆಣ್ಣು ದಾಟಿ ಟಪಕ್ಕನೆ ಒಳಗೆ ಹೋಯಿತು. ಕೋಚ್ ಹಾಲೊವೇಯದು ಒಣಗಿದ ನುಗ್ಗೆಕಾಯಿಯಂಥ ಬೆರಳು. ತ್ಯಾಗರಾಜನದು ಏಲಕ್ಕಿ ಬಾಳೆಹಣ್ಣು. ಫೋಟೋ ಮಾತ್ರ ಬಹಳ ಚೆನ್ನಾಗಿ ಬಂತು.

ಉಂಗುರ ಹೊರಗೆ ಬರಲಿಲ್ಲ.

ತಿರುಗಿಸಿದ, ಎಳೆದ, ಸೋಪು ಸುರಿದ. ಹತ್ತು ನಿಮಿಷದಲ್ಲಿ ಬೆರಳು ಕೆಂಪಾಯಿತು. ಫೋನಿನಲ್ಲಿ ಉಷಾ ಬೈದಳು.

“ಅಲ್ಲ ರೀ, ಬೇರೆಯವರ ಉಂಗುರ ಯಾಕ್ರೀ ಹಾಕ್ಕೊಂಡ್ರಿ? ಮದುವೇಲಿ ನಮ್ಮಪ್ಪ ಕೊಟ್ಟ ಉಂಗುರನೇ ಹಾಕ್ಕೊಳಲ್ಲ ನೀವು!”

“ಅದು ಟೈಟ್ ಆಗುತ್ತೆ ಕಣೇ.”

“ಮತ್ತೆ ಇದು?” ಅವಳು ಉಸಿರು ಬಿಟ್ಟಳು. “ಹೋಗಿ, ನೇರವಾಗಿ ಆ ಕೋಚ್‌ಗೆ ಹೇಳ್ಬಿಡಿ. ಸಾರಿ ಅಂದ್ರೆ ಇಲ್ಲಿ ಎಲ್ಲಾ ಸರಿ ಹೋಗುತ್ತೆ.”

ಮಾತು ಸರಿಯೆನಿಸಿ ತ್ಯಾಗರಾಜ ಧೈರ್ಯ ಮಾಡಿ ಹೊರಟ. ಆದರೆ ಆಫೀಸಿನ ಹಾಲಿನಲ್ಲಿ ಆಗಲೇ ಎಲ್ಲರೂ ಗುಂಪು ಕೂಡಿದ್ದರು. ಆಫೀಸ್ ಮ್ಯಾನೇಜರ್ ಬ್ರೆಂಡಾ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು.

“ಕೋಚ್ ಉಂಗುರ ಕಾಣೆಯಾಗಿದೆ. ಬಿದ್ದುಹೋಗೋ ವಸ್ತು ಅಲ್ಲ ಅದು, ಯಾರೋ ತಗೊಂಡಿದ್ದಾರೆ. ಯಾರ ಹತ್ರ ಸಿಗುತ್ತೋ ಅವರಿಗೆ ಇವತ್ತೇ ಇಲ್ಲಿ ಕೊನೇ ದಿನ. ಆಟ ಮುಗಿಯೋದ್ರೊಳಗೆ ಸಿಗದಿದ್ರೆ ಪೊಲೀಸರನ್ನ ಕರೀತೀನಿ.”

ಅವಳ ಹಿಂದೆ ಕೋಚ್ ಹಾಲೊವೇ ಕೈಕಟ್ಟಿ ನಿಂತಿದ್ದ. ಒಂದು ಮಾತಿಲ್ಲ. ಒಬ್ಬೊಬ್ಬರ ಕೈಯನ್ನೇ ದಿಟ್ಟಿಸುತ್ತಿದ್ದ. ಬಾಯಿ ಮಾಡುವವರಿಗಿಂತ ಸುಮ್ಮನಿರುವವರ ಸಿಟ್ಟು ದೊಡ್ಡದೆಂದು ತ್ಯಾಗರಾಜ ತಿಳಿದಿದ್ದ. ಅವನ ಬಲಗೈ ತಾನಾಗಿ ಪ್ಯಾಂಟಿನ ಜೇಬಿಗೆ ಇಳಿಯಿತು. ಕಣ್ಣ ಮುಂದೆ ಅರವತ್ತು ದಿನಗಳು ಮತ್ತೆ ಒಂದರಿಂದ ಶುರುವಾದವು.

ಡೆಸ್ಕಿಗೆ ಬಂದವನೇ ಕೈಗೆ ಪೇಪರ್ ಟವೆಲ್ ಸುತ್ತಿ ಟೇಪ್ ಅಂಟಿಸಿದ. ಪಕ್ಕದವಳು ಕೇಳಿದಳು. “ದೋಸೆ ಕಾವಲಿ ತಾಗಿತು,” ಎಂದ. ದೋಸೆ ಎಂದರೇನೆಂದು ವಿವರಿಸಬೇಕಾಯಿತು. ಅಷ್ಟರಲ್ಲಿ ಇನ್ನಿಬ್ಬರು ಬಂದರು. ಅವರಿಗೆ ಕಾವಲಿ ವಿವರಿಸಬೇಕಾಯಿತು. ಸುದ್ದಿ ತಂಡದ ಫಿಜಿಯೋಗೆ ಮುಟ್ಟಿತು. ಆ ಪುಣ್ಯಾತ್ಮ ಮೊಣಕಾಲು ಮುರಿದವರನ್ನು ಕೂಡ ನಗುತ್ತಾ ಎಬ್ಬಿಸುವವನು. ಔಷಧಿ ಪೆಟ್ಟಿಗೆ ಹಿಡಿದು, “ಸುಟ್ಟ ಗಾಯಕ್ಕೆ ಪೇಪರ್ ಸುತ್ತಬಾರದು ಗೆಳೆಯಾ, ಬಿಚ್ಚು!” ಎನ್ನುತ್ತಾ ಬಂದ.

“ರೆಸ್ಟ್‌ರೂಮಿಗೆ ಹೋಗಿ ಬಂದೆ!” ಎಂದು ತ್ಯಾಗರಾಜ ಓಡಿದ.

ಓಡಿ ಸೇರಿದ್ದು ಐತಪ್ಪ ಅಂಕಲ್‌ರ ತಿಂಡಿ ಸ್ಟಾಲಿಗೆ. ಐತಪ್ಪ, ಚಂದ್ರಾವತಿ ದಂಪತಿ ಅಲ್ಲಿ ಹಾಟ್‌ಡಾಗ್ ಪಕ್ಕದಲ್ಲೇ ಗೋಳಿಬಜೆ ಕರಿದು ಮಾರುತ್ತಿದ್ದರು. ತ್ಯಾಗರಾಜ ಹಿಂಬಾಗಿಲು ಮುಚ್ಚಿ ಕೈ ಬಿಚ್ಚಿ ತೋರಿಸಿದ. ಬೆರಳು ಗುಂಡು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

“ಅಯ್ಯೋ ದೇವರೇ, ಇದೆಂತ ಮಾಡಿಕೊಂಡ್ರಿ?” ಚಂದ್ರಾವತಿ ಕೆನ್ನೆಗೆ ಕೈ ಹಚ್ಚಿದರು.

“ಸುಮ್ನಿರು ನೀನು. ಇದು ತೆಂಗಿನೆಣ್ಣೆಯಲ್ಲಿ ಬರ್ತದೆ,” ಎಂದರು ಐತಪ್ಪ.

ತೆಂಗಿನೆಣ್ಣೆಯಲ್ಲಿ ಬರಲಿಲ್ಲ. ಚಂದ್ರಾವತಿ ತುಪ್ಪ ಸವರಿದರು. ಕೈ ಪಾಯಸದ ಹಾಗೆ ಘಮಘಮಿಸಿತು, ಉಂಗುರ ಕದಲಲಿಲ್ಲ. ಐಸಿನ ಬಕೆಟ್ಟಿನಲ್ಲಿ ಅದ್ದಿದರು, ಹಲ್ಲು ಕಟಕಟಿಸಿತು. ಐತಪ್ಪ ನೂಲು ಸುತ್ತಿ ಒಂದು ಕಾಲನ್ನು ಫ್ರಿಜ್ಜಿಗೆ ಒತ್ತಿ ಎಳೆದರು. ನೂಲು ಹರಿದು ಅವರು ಈರುಳ್ಳಿ ಚೀಲದ ಮೇಲೆ ಕೂತರು. ಎದ್ದವರೇ ಡ್ರಾಯರಿನಿಂದ ದೊಡ್ಡ ಕಟಿಂಗ್ ಪ್ಲೇಯರ್ ತೆಗೆದರು.

“ಅಂಕಲ್, ಉಂಗುರ ಕಟ್ ಆದ್ರೆ ನಾನು ಸತ್ತೆ.”

“ಉಂಗುರ ಯಾರು ಕಟ್ ಮಾಡ್ತಾರೆ?” ಎಂದರು ಐತಪ್ಪ. ತ್ಯಾಗರಾಜನ ಮುಖ ನೋಡಿ, “ತಮಾಷೆ ಮಾರಾಯ್ರೆ, ತಮಾಷೆ,” ಎಂದು ಬೆನ್ನು ತಟ್ಟಿದರು.

ಆಗಲೇ ಹೊರಗೆ ಬ್ರೆಂಡಾಳ ಧ್ವನಿ ಕೇಳಿತು. ಸ್ಟಾಲುಗಳನ್ನೂ ಹುಡುಕುತ್ತಿದ್ದಾಳೆ. ಅವಳ ಹಿಂದೆ ಫಿಜಿಯೋ ಬೇರೆ: “ಆ ಟಿಕೆಟ್ ಹುಡುಗನ ಕೈ ನೋಡಲೇಬೇಕು.” ಚಂದ್ರಾವತಿ ಸುತ್ತ ನೋಡಿದರು. ಮೂಲೆಯಲ್ಲಿ ತಂಡದ ಕೊಕ್ಕರೆಯ ವೇಷ ನೇತಾಡುತ್ತಿತ್ತು. ಆಟದ ದಿನ ಅದನ್ನು ತೊಟ್ಟು ಕುಣಿಯುವ ನಿವೃತ್ತ ಟೀಚರಮ್ಮ ಸೊಂಟ ಹಿಡಿದುಕೊಂಡು ಆ ದಿನ ಬಂದಿರಲಿಲ್ಲ.

“ಒಳಗೆ ಹೋಗಿ! ರೆಕ್ಕೆಯಲ್ಲಿ ಕೈ ಕಾಣುವುದಿಲ್ಲ!”

ಬ್ರೆಂಡಾ ಬಾಗಿಲು ತೆಗೆದಾಗ ಆರೂವರೆ ಅಡಿಯ ಕೊಕ್ಕರೆಯೊಂದು ಗೋಳಿಬಜೆ ಬಾಣಲೆಯ ಪಕ್ಕ ನಡುಗುತ್ತಾ ನಿಂತಿತ್ತು.

“ಓ, ಥ್ಯಾಂಕ್ ಗಾಡ್! ಬಂದ್ಯಾ ನೀನು?” ಬ್ರೆಂಡಾ ಅದರ ರೆಕ್ಕೆ ಹಿಡಿದಳು. “ಹೋಗು, ಹೋಗು, ಆಟ ಶುರುವಾಗ್ತಿದೆ!”

ಹೀಗೆ ಜಾರ್ಜಿಯಾದ ಜುಲೈ ತಿಂಗಳ ಮಧ್ಯಾಹ್ನದ ಒಂದು ಗಂಟೆಗೆ ತ್ಯಾಗರಾಜ ಎರಡು ಸಾವಿರ ಜನರ ಮುಂದೆ ಬಂದು ನಿಂತ. ವೇಷದ ಒಳಗೆ ಇಡ್ಲಿ ಪಾತ್ರೆಯ ಸೆಕೆ. ಕೊಕ್ಕಿನ ಬಿಲದಲ್ಲಿ ಕಾಣುವಷ್ಟೇ ಲೋಕ. ಎಡಕ್ಕೆ ನೋಡಿದರೆ ಬ್ರೆಂಡಾ, ಬಲಕ್ಕೆ ನೋಡಿದರೆ ಡಗೌಟಿನಲ್ಲಿ ಕೋಚ್ ಹಾಲೊವೇ. ಆ ಮನುಷ್ಯ ಇನ್ನೂ ಮಾತಾಡಿರಲಿಲ್ಲ. ಬರಿದಾದ ತನ್ನ ಬೆರಳನ್ನು ಆಗಾಗ ಸವರಿಕೊಳ್ಳುತ್ತಿದ್ದ. ಪ್ರತಿ ಸಲ ಸವರಿದಾಗಲೂ ತ್ಯಾಗರಾಜ ಬಲ ರೆಕ್ಕೆಯನ್ನು ಬೆನ್ನ ಹಿಂದೆ ಸರಿಸುತ್ತಿದ್ದ.

ಕುಣಿಯಬೇಕಲ್ಲ, ಯಾವಾಗ ಕುಣಿಯಬೇಕು? ಕೊಕ್ಕರೆ ಬ್ಯಾಟ್ಸ್‌ಮನ್ ಒಬ್ಬ ಬೀಸಿದ. ಚೆಂಡು ಹಿಂದಕ್ಕೆ ಚಿಮ್ಮಿ ಪ್ರೇಕ್ಷಕರ ನಡುವೆ ಬಿತ್ತು. ಕೀಪರ್ ತಲೆ ಮೇಲಿಂದ ಸಿಕ್ಸರ್! ತ್ಯಾಗರಾಜ ಎರಡೂ ರೆಕ್ಕೆ ಎತ್ತಿ ಕುಣಿದ. ಸ್ಟೇಡಿಯಂ ಒಂದು ಕ್ಷಣ ಸ್ತಬ್ಧವಾಗಿ, ಆಮೇಲೆ ಹೋ ಎಂದು ನಕ್ಕಿತು. ಆ ಕಡೆ ಹೊಡೆದ ಚೆಂಡು ಇಲ್ಲಿ ಲೆಕ್ಕಕ್ಕಿಲ್ಲದ ಫೌಲ್ ಎಂದು ಅವನಿಗೆ ಯಾರು ಹೇಳಬೇಕು? ಮತ್ತೊಂದು ಫೌಲ್, ಮತ್ತೆ ಕುಣಿತ. ಮೂರನೆಯದಕ್ಕೆ ಮಕ್ಕಳೆಲ್ಲ ಎದ್ದು ಕುಣಿದರು, ಆರನೆಯದಕ್ಕೆ ಅಜ್ಜಂದಿರೂ ಎದ್ದರು. ಎದುರಾಳಿ ತಂಡದ ಪಿಚರ್ ಒಳ್ಳೆಯ ಎಸೆತಗಾರನೇ; ಆದರೆ ತಾನು ಸರಿಯಾಗಿ ಎಸೆದಾಗಲೆಲ್ಲ ಎರಡು ಸಾವಿರ ಜನ ಸಂಭ್ರಮಿಸುವುದನ್ನು ಕಂಡು ಅವನ ತಲೆ ಕೆಟ್ಟಿತು. ಕೊಕ್ಕರೆಯನ್ನು ಗುರಾಯಿಸುತ್ತಾ ಎಸೆದ ನಾಲ್ಕು ಚೆಂಡು ದಿಕ್ಕಾಪಾಲಾಗಿ ಹೋದವು. ಇಲ್ಲಿ ನಾಲ್ಕು ಚೆಂಡು ಹಾಗೆ ಹೋದರೆ ಬ್ಯಾಟ್ಸ್‌ಮನ್ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆಯಬಹುದು. ಆಮೇಲೆ ಇನ್ನೂ ನಾಲ್ಕು. ಕೊಕ್ಕರೆ ಆಟಗಾರರು ಬ್ಯಾಟ್ ಎತ್ತದೆಯೇ ನಡೆದುಕೊಂಡು ರನ್ ಗಳಿಸಿದರು.

ನಾಲ್ಕು ಗಂಟೆಗೆ ಹೆರಾನ್ಸ್ ಏಳು-ಮೂರರಿಂದ ಗೆದ್ದಿತು. ಹನ್ನೊಂದು ಸೋಲಿನ ಮೇಲೆ ಮೊದಲ ಗೆಲುವು. ಆಟಗಾರರು ಕೊಕ್ಕರೆಯನ್ನೇ ಹೆಗಲ ಮೇಲೆ ಹೊತ್ತು ಒಂದು ಸುತ್ತು ಬಂದರು. ಮೇಲೆ ತೂಗಾಡುತ್ತಿದ್ದ ತ್ಯಾಗರಾಜನಿಗೆ ಗೇಟಿನ ಬಳಿ ಬ್ರೆಂಡಾ ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದು ಕಾಣಿಸಿತು.

ಸ್ಟಾಲಿನ ಹಿಂದೆ ವೇಷ ಬಿಚ್ಚಿದಾಗ ತುಪ್ಪ, ತೆಂಗಿನೆಣ್ಣೆ, ಮೂರು ಗಂಟೆಯ ಬೆವರು ಸೇರಿ ಕೈ ಮೀನಿನಂತೆ ಜಾರುತ್ತಿತ್ತು. ರೆಕ್ಕೆಯಿಂದ ಕೈ ಎಳೆದುಕೊಂಡ. ಒಳಗೆ ಏನೋ ಟಣ್ ಎಂದಿತು. ಉಂಗುರ!

ಚಂದ್ರಾವತಿ ಕಣ್ಣೊರೆಸಿಕೊಂಡರು. ಐತಪ್ಪ ಕಿವಿಯಲ್ಲಿ ಹೇಳಿದರು: “ಯಾರಿಗೂ ಎಂತದೂ ಹೇಳ್ಬೇಡಿ. ಎಲ್ಲಿತ್ತೋ ಅಲ್ಲೇ ಇಟ್ಟು ಬನ್ನಿ. ಪೊಲೀಸ್ ಬರುವುದರೊಳಗೆ!”

ತ್ಯಾಗರಾಜ ಉಂಗುರ ಒರೆಸಿ, ಮುಷ್ಟಿಯಲ್ಲಿ ಹಿಡಿದು, ಗೋಡೆ ಸವರಿಕೊಂಡು ರೆಸ್ಟ್‌ರೂಮ್ ಸೇರಿದ. ಯಾರೂ ಇರಲಿಲ್ಲ. ಸೋಪಿನ ಬಾಟಲಿಯ ಪಕ್ಕ ಇಟ್ಟ. ಬೆರಳು ಹಗುರ, ಮನಸ್ಸು ಹಗುರ. ಹೊರಡಲೆಂದು ತಿರುಗಿದ. ಬಾಗಿಲಲ್ಲಿ ಕೋಚ್ ಹಾಲೊವೇ ನಿಂತಿದ್ದ.

ಕೋಚ್ ಉಂಗುರವನ್ನು ನೋಡಿದ. ತ್ಯಾಗರಾಜನ ಬದನೆಕಾಯಿ ಬೆರಳನ್ನು ನೋಡಿದ. ಬಾಗಿಲು ಮುಚ್ಚಿ ಚಿಲಕ ಹಾಕಿದ.

“ಸರ್, ಕದ್ದಿದ್ದಲ್ಲ ಸರ್, ಸುಮ್ನೆ ಒಂದು ಫೋಟೋಗೆ... ಬೆಳಿಗ್ಗೆಯಿಂದ ಸಿಕ್ಕಿಹಾಕಿಕೊಂಡಿತ್ತು. ಪ್ಲೀಸ್ ಸರ್, ನನ್ನ ವೀಸಾ...”

“ಬೆಳಿಗ್ಗೆಯಿಂದ ನಿನ್ನ ಬೆರಳಲ್ಲಿತ್ತಾ?” ಅಂದು ಕೋಚ್ ಆಡಿದ ಮೊದಲ ಮಾತದು.

“ಒಂಬತ್ತು ಗಂಟೆಯಿಂದ.”

“ಆಟ ಮುಗಿಯೋವರೆಗೂ?”

“ಈಗಷ್ಟೇ ಬಂತು ಸರ್. ದೇವರಾಣೆ.”

ಕೋಚ್ ಚಿಲಕ ಬಿದ್ದಿದೆಯೇ ಎಂದು ಇನ್ನೊಮ್ಮೆ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: “ಅದನ್ನ ಅಲ್ಲಿ ಬಿಟ್ಟು ಹೋಗಿದ್ದು ನಾನೇ.”

ತ್ಯಾಗರಾಜನಿಗೆ ತನ್ನ ಇಂಗ್ಲಿಷಿನ ಮೇಲೆ ಅನುಮಾನ ಬಂತು.

“ಈ ದರಿದ್ರವನ್ನ ಹಾಕ್ಕೊಂಡ ದಿನದಿಂದ ಸೋಲ್ತಾ ಇದೀವಿ. ಎಸೆಯೋ ಹಾಗಿಲ್ಲ, ಊರು ಕೊಟ್ಟ ಉಂಗುರ. ಕೊಡೋ ಹಾಗಿಲ್ಲ, ಒಳಗೆ ನನ್ನ ಹೆಸರಿದೆ. ಯಾರಾದ್ರೂ ಕದೀಲಿ ಅಂತ ಇಟ್ಟು ಹೋದೆ. ಹಾಳಾದ ಬ್ರೆಂಡಾ ಹುಡುಕೋಕೆ ಶುರು ಮಾಡಿದಳು. ಯಾರ ಕೈಯಲ್ಲಿ ಸಿಕ್ಕಿಬಿಡುತ್ತೋ ಅಂತ ದಿನವಿಡೀ ನನಗೆ ಜೀವ ಇರಲಿಲ್ಲ.” ಅವನು ಸಿಂಕಿನಿಂದ ಉಂಗುರ ಎತ್ತಿಕೊಂಡ. “ಇವತ್ತು ಇದು ನಿನ್ನ ಬೆರಳಲ್ಲಿತ್ತು. ಇವತ್ತು ಗೆದ್ವಿ.”

“ಸರ್, ಅದು ಕಾಕತಾಳೀಯ...”

“ಕೈ ಕೊಡು ಮಗಾ.”

ಇಪ್ಪತ್ತು ವರ್ಷ, ಗಂಟೆಗೆ ತೊಂಬತ್ತು ಮೈಲಿ ವೇಗದಲ್ಲಿ ಚೆಂಡೆಸೆದ ಕೈ ಅದು. ಒಂದೇ ಒತ್ತಿಗೆ ಉಂಗುರ ಗೆಣ್ಣು ದಾಟಿತು. ತ್ಯಾಗರಾಜನ ಕಣ್ಣಲ್ಲಿ ನೀರು ಬಂತು.

“ಇನ್ನು ನಲವತ್ತೆಂಟು ಪಂದ್ಯ ಇದೆ,” ಎಂದ ಕೋಚ್, ಅವನ ಕಾಲರು ಸರಿಮಾಡುತ್ತಾ. “ಕೊನೇ ಪಂದ್ಯದವರೆಗೂ ತೆಗೀಬೇಡ. ಮತ್ತೆ, ಬ್ರೆಂಡಾಗೆ ಗೊತ್ತಾಗಬಾರದು. ಗೊತ್ತಾಯ್ತೋ, ನಾನು ನಿನ್ನ ಇಲ್ಲಿ ನೋಡೇ ಇಲ್ಲ.”

ಚಿಲಕ ತೆಗೆದು ಹೊರಟುಹೋದ. ಕಾರಿಡಾರಿನಲ್ಲಿ ಬ್ರೆಂಡಾ ಪೊಲೀಸಿನವನೊಬ್ಬನಿಗೆ ಸಿಬ್ಬಂದಿಯ ಪಟ್ಟಿ ಓದಿ ಹೇಳುತ್ತಿರುವುದು ಕೇಳಿಸಿತು. ತ್ಯಾಗರಾಜ ಬಲಗೈಯನ್ನು ಜೇಬಿಗಿಳಿಸಿ ಎಡಗೈಯಲ್ಲಿ ಫೋನ್ ಎತ್ತಿದ.

“ರೀ, ಬಂತಾ?” ಉಷಾ ಕೇಳಿದಳು.

“ಬಂತು ಕಣೇ.”

“ಅಬ್ಬಾ! ಸದ್ಯ. ಈಗ ಎಲ್ಲಿದೆ?”

ತ್ಯಾಗರಾಜ ಮುಚ್ಚಿದ ಬಾಗಿಲನ್ನೇ ನೋಡುತ್ತಾ ಮೆಲ್ಲಗೆ ಹೇಳಿದ: “ಇದ್ದಲ್ಲೇ ಇದೆ.”