ಲೇಸರಿಗೆ ತಂಪಿನ ಅರ್ಹತೆ

ಬೆಳಕಿನ ಸಂಶೋಧನಾ ಸಂಸ್ಥೆಯ ನಿಯಮಾವಳಿಯ ಪ್ರಕಾರ, ಉಪನಿರ್ದೇಶಕರಿಗಿಂತ ಕೆಳಗಿನ ಯಾರಿಗೂ ಸೆಕೆಯಾಗುವುದಿಲ್ಲ. ಆದ್ದರಿಂದ ಅವರ ಕೋಣೆಗಳಿಗೆ ತಂಪು ಯಂತ್ರ ಒದಗಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ.

ನಿಯಮ ಮೀರಿ ಬಿಸಿಯಾಗುತ್ತಿದ್ದವರು ಇಬ್ಬರೇ: ಹಿಂದಿನ ಕೋಣೆಯ ಸಂಶೋಧಕಿ ಮತ್ತು ಅವಳ ಫೈಬರ್ ಲೇಸರ್. ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಯೊಳಗೆ ಬೆಳಕಿಗೆ ಬಲ ತುಂಬಿ, ಉಕ್ಕಿನ ತಗಡು ಕೊಯ್ಯುವ ಯಂತ್ರ ಅದು. ತಣ್ಣಗಿದ್ದರೆ ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತಿತ್ತು. ಕಾವೇರಿತೋ, ಬೆಳಕು ಸೊರಗಿ ತಗಡಿನ ಮೇಲೆ ಒಂದು ಗೀಟೂ ಬೀಳುತ್ತಿರಲಿಲ್ಲ. ಅವಳದು ಹಂಗಾಮಿ ನೌಕರಿ. ತಪಾಸಣಾ ಸಮಿತಿಯ ಎದುರು ತಗಡು ತುಂಡಾದರೆ ಕಾಯಂ, ಇಲ್ಲವಾದರೆ ಮನೆ.

ಲೇಸರಿಗೊಂದು ತಂಪು ಯಂತ್ರ ಬೇಕೆಂಬ ಅವಳ ಅಹವಾಲು ಕೇಳಿದ ಉಗ್ರಾಣಾಧಿಕಾರಿಗಳು ಲೇಸರಿನ ಹುದ್ದೆ ಯಾವುದು ಎಂದು ವಿಚಾರಿಸಿದರು. ಯಂತ್ರಕ್ಕೆಲ್ಲಿಯ ಹುದ್ದೆ ಅಂದಳು. ಹಾಗಿದ್ದರೆ ಅದಕ್ಕೆ ಸೆಕೆಯೂ ಇಲ್ಲ ಎಂದು ಅವರು ಸಮಾಧಾನ ಹೇಳಿದರು.

ಕೊನೆಗೆ ನಿರ್ದೇಶಕರೇ ದಾರಿ ಹುಡುಕಿದರು. ಯೋಗ್ಯರು ಸಿಗದೆ ಖಾಲಿ ಬಿದ್ದಿದ್ದ ಉಪನಿರ್ದೇಶಕರ ಹುದ್ದೆಗೆ ಲೇಸರನ್ನು ನೇಮಿಸಿಬಿಟ್ಟರು. ಮರುದಿನವೇ ಅದಕ್ಕೆ ತಂಪು ಕೋಣೆ, ಪರದೆ, ತಿರುಗುವ ಕುರ್ಚಿ, ಬಾಗಿಲಿಗೆ ಫಲಕ ಎಲ್ಲ ಬಂದವು. ಕುರ್ಚಿ ಯಾಕೆ ಎಂದು ಯಾರೂ ಕೇಳಲಿಲ್ಲ, ಉಳಿದ ಉಪನಿರ್ದೇಶಕರಿಗೂ ಇತ್ತಲ್ಲ.

ಸಂಶೋಧಕಿ ಗುಂಡಿ ಒತ್ತಿದಳು. ತಗಡು ಎರಡು ಹೋಳಾಗಿ ಠಣ್ಣೆಂದು ಕೆಳಗೆ ಬಿತ್ತು. ಅವಳಿಗೆ ಖುಷಿಯಲ್ಲಿ ಕಣ್ಣು ತುಂಬಿತು. ಸದ್ದು ಕೇಳಿ ಒಳಗೆ ಬಂದ ಉಗ್ರಾಣಾಧಿಕಾರಿಗಳು ಮಾತ್ರ ಗದರಿದರು.

"ಏನಮ್ಮಾ ಇದು, ಸಾಹೇಬರ ಕೈಲಿ ತಗಡು ಕೊಯ್ಯಿಸೋದಾ?"

ಸಂಜೆಯೊಳಗೆ ಪ್ರಕಟಣೆ ಅಂಟಿತು: "ಉಪನಿರ್ದೇಶಕರ ಗುಂಡಿಯನ್ನು ಕಿರಿಯ ನೌಕರರು ಒತ್ತತಕ್ಕದ್ದಲ್ಲ. ಹಿರಿಯರು ಒತ್ತುವ ಸಂಪ್ರದಾಯವಿಲ್ಲ."

ತಪಾಸಣೆಯ ದಿನ ಅವಳು ತಗಡು ಹಿಡಿದು ನಿಂತಿದ್ದಳು. ಸಮಿತಿಯ ಅಧ್ಯಕ್ಷರು ಲೇಸರನ್ನು ಮುಟ್ಟಿ ನೋಡಿದರು. ಮಂಜಿನ ಹಾಗೆ ತಣ್ಣಗಿತ್ತು. ಮೊದಲು ಕೆಲಸ ಮಾಡುವಾಗ ಬಿಸಿಯಾಗುತ್ತಿತ್ತಂತೆ, ಈಗ ಬಿಸಿಯಾಗುವ ಲಕ್ಷಣವೇ ಇಲ್ಲವಲ್ಲ ಎಂದು ಮೆಚ್ಚಿ, ತಂಪಿನಿಂದ ಕಾರ್ಯಕ್ಷಮತೆ ಪರಿಪೂರ್ಣವಾಗಿದೆ ಎಂದು ವರದಿ ಬರೆಸಿದರು. ಈ ಸಾಧನೆಗಾಗಿ ಸಂಶೋಧಕಿಯನ್ನು ಕಾಯಂ ಮಾಡಲು ಶಿಫಾರಸನ್ನೂ ಮಾಡಿದರು.

"ನೀವೇನಾದ್ರೂ ಹೇಳೋದಿದೆಯಾ?" ಎಂದು ಅವಳನ್ನು ಕೇಳಿದರು.

ಗುಂಡಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅವಳು ಅದನ್ನು ನೋಡಿದಳು, ಸಮಿತಿಯ ಜೊತೆ ಬಂದಿದ್ದ ನಿರ್ದೇಶಕರ ಮುಖ ನೋಡಿದಳು, ಆಮೇಲೆ ತಗಡನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು.

"ಏನಿಲ್ಲ ಸರ್. ಸಾಹೇಬ್ರು ಈಗ ಆರಾಮಾಗಿದಾರೆ."

ಹೀಗೆ ಅವಳು ಉಪನಿರ್ದೇಶಕರ ಆಪ್ತ ಸಹಾಯಕಿಯಾಗಿ ಕಾಯಂ ಆದಳು. ಮೊನ್ನೆ ಕಾರ್ಖಾನೆಯವರೊಬ್ಬರು ದಪ್ಪ ತಗಡೊಂದನ್ನು ಹೊತ್ತು ತಂದು, ಸ್ವಲ್ಪ ಕೊಯ್ದು ಕೊಡಬೇಕಿತ್ತು ಎಂದು ಕೇಳಿಕೊಂಡರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಇನ್ನೊಂದು ದಿನ ಬನ್ನಿ ಅಂದಳು. ಅವರು ಪರದೆಯ ಸಂದಿಯಿಂದ ಇಣುಕಿ ನೋಡಿ, ಲೇಸರಿಗೊಂದು ನಮಸ್ಕಾರ ಹಾಕಿ, ಸದ್ದಾಗದಂತೆ ತಗಡು ಹೊತ್ತುಕೊಂಡು ಹೋದರು.